ಅತ್ತೆಯ ಫ್ರಿಜ್ಜಿನ ಬಾಗಿಲಲ್ಲಿ ಒಂದು ಪ್ರತಿಕಾಯ

ನಮ್ಮನೆಯ ಫ್ರಿಜ್ಜು ಅತ್ತೆಯ ರಾಜ್ಯ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅದರೊಳಗೆ ಯಾವುದನ್ನು ಎಲ್ಲಿಡಬೇಕು ಎನ್ನುವ ವಿಷಯದಲ್ಲಿ ನನ್ನ ಮಾತು ನಡೆದದ್ದಿಲ್ಲ. ಮೇಲಿನ ಫ್ರೀಜರ್‌ನಲ್ಲಿ ಭಾನುವಾರದ ಮೀನು, ತುರಿದಿಟ್ಟ ಕಾಯಿ. ಕೆಳಗೆ ಹಾಲು, ಮೊಸರು, ದೋಸೆ ಹಿಟ್ಟು. ಬಾಗಿಲಿನ ಸಾಲಿನಲ್ಲಿ ಅತ್ತೆಯ ಇನ್ಸುಲಿನ್. ಹೋದ ವರ್ಷ ಮೇ ತಿಂಗಳಿನಲ್ಲಿ ಈ ರಾಜ್ಯದೊಳಕ್ಕೆ ನಾನು ಒಂದು ಸ್ಟೀಲ್ ಡಬ್ಬ ನುಗ್ಗಿಸಿದೆ. ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆದೆ. ಬರೆಯುವಾಗಲೇ ನನಗೆ ಕೊಂಚ ಅಹಂಕಾರವಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ವಸ್ತಾರೆ ಹತ್ತಿರದ ನಮ್ಮ ಮನೆಯಿಂದ ದಿನಾ ಸ್ಕೂಟರ್‌ನಲ್ಲಿ ಓಡಾಟ. ಪಾಠದ ನಡುವೆ ಪಿಎಚ್.ಡಿ. ಕೆಲಸವೂ ನಡೆಯುತ್ತಿತ್ತು, ಆರನೇ ವರ್ಷಕ್ಕೆ ಬಂದಿತ್ತು. ಊರಿನಲ್ಲಿ ಯಾರಾದರೂ 'ಮುಗೀತಾ?' ಎಂದು ಕೇಳಿದರೆ ನನಗೆ ಮೈಯುರಿಯುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲಸ ಇಷ್ಟೇ. ಮೈಯಲ್ಲಿ ನರಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ. ಹುಟ್ಟಿದ್ದೆಲ್ಲ ಉಳಿಯುವುದಿಲ್ಲ. ಚರ್ಮದ ಕಡೆಯಿಂದ ಒಂದು ಪ್ರೋಟೀನು ಬರುತ್ತದೆ, 'ನೀನು ಇಲ್ಲಿ ಬೇಕು' ಎಂದು ಹೇಳಿ ಕಳುಹಿಸಿದ ಹಾಗೆ. ನರಕೋಶದ ಮೈಮೇಲೆ ಅದನ್ನು ಹಿಡಿದುಕೊಳ್ಳುವ ಇನ್ನೊಂದು ಪ್ರೋಟೀನು ಇರುತ್ತದೆ, ಅದನ್ನು ಗ್ರಾಹಕ ಎನ್ನುತ್ತೇವೆ. ಹಿಡಿದುಕೊಂಡ ಕೋಶ ಬದುಕುತ್ತದೆ, ಹಿಡಿಯಲಾರದ್ದು ಸಾಯುತ್ತದೆ. ಈ ಗ್ರಾಹಕ ಯಾವ ಯಾವ ಕೋಶದ ಮೇಲೆ ಇದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಪ್ರತಿಕಾಯ ಬೇಕು. ಮೊಲವೊಂದಕ್ಕೆ ಆ ಗ್ರಾಹಕದ ತುಣುಕನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು ತೆಗೆದು ಶುದ್ಧಮಾಡಿ ಕೊಡುತ್ತಾರೆ. ಅದನ್ನು ತೆಳ್ಳಗೆ ಕತ್ತರಿಸಿದ ಅಂಗಾಂಶದ ಮೇಲೆ ಹಾಕಿದರೆ, ಹುಡುಕಿಕೊಂಡು ಹೋಗಿ ಆ ಗ್ರಾಹಕದ ಮೇಲೆ ಮಾತ್ರ ಕೂರುತ್ತದೆ. ಆಮೇಲೆ ಬಣ್ಣ ಬರಿಸಿದರೆ ಪ್ರತಿಕಾಯ ಕೂತ ಜಾಗವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಪ್ರತಿಕಾಯವನ್ನೇ ಹಾಕದ ಒಂದು ಸ್ಲೈಡನ್ನೂ ಇಡಬೇಕು. ಅದು ಬೆಳ್ಳಗೇ ಉಳಿಯಬೇಕು. ಅದೂ ಕಂದಾದರೆ ಪ್ರಯೋಗ ನಮ್ಮನ್ನು ಖುಷಿಪಡಿಸಲು ಸುಳ್ಳು ಹೇಳುತ್ತಿದೆ ಎಂದರ್ಥ.

ನನ್ನಲ್ಲಿದ್ದದ್ದು ಹಳೆಯ ಮೊಲದ ಪ್ರತಿಕಾಯ. ಘಟ್ಟದ ಕೆಳಗಿನ ವಿಶ್ವವಿದ್ಯಾಲಯದಲ್ಲಿರುವ ನನ್ನ ಗೈಡ್ ಮೇಡಂ ಕೊಟ್ಟದ್ದು. ಆ ಮೊಲ ಸತ್ತು ಎಷ್ಟೋ ಕಾಲವಾಗಿತ್ತು. ಹೊಸ ಮೊಲದಿಂದ ತೆಗೆದದ್ದು ಅದೇ ಹೆಸರಿನದಾದರೂ ಅದೇ ರೀತಿ ಕೆಲಸ ಮಾಡುತ್ತದೆ ಎನ್ನುವ ಹಾಗಿಲ್ಲ. ಐದು ವರ್ಷದ ಚಿತ್ರಗಳೆಲ್ಲ ಹಳೆಯದರಿಂದ ಬಂದಿದ್ದವು. ಕೊನೆಯ ಒಂದು ಹೋಲಿಕೆಗೂ ಅದೇ ಬೇಕಿತ್ತು. ಉಳಿದಿದ್ದದ್ದು ಎರಡು ಪುಟ್ಟ ಟ್ಯೂಬ್‌ಗಳ ತಳದಲ್ಲಿ ಒಂದೊಂದು ತೊಟ್ಟು, ಅಷ್ಟೇ.

ಅಂಗಾಂಶ ಎಂದೆನಲ್ಲ, ಅದು ಅತ್ತೆಯ ಕೋಳಿಗಳದು. ಪೇಟೆಯ ಅಂಗಡಿ ಮೊಟ್ಟೆಯಲ್ಲಿ ಮರಿ ಬೆಳೆಯುವುದಿಲ್ಲ; ಹುಂಜದ ಜೊತೆ ಬೆಳೆದ ನಾಟಿ ಕೋಳಿಯ ಮೊಟ್ಟೆಯೇ ಆಗಬೇಕು. ಅದನ್ನು ಕಾಲೇಜಿನ ಇನ್‌ಕ್ಯುಬೇಟರ್‌ನಲ್ಲಿ ಕಾವಿಗಿಟ್ಟು, ಎಂಟನೇ ದಿನ ಒಡೆದು, ಭ್ರೂಣದ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆಯಬೇಕು. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ಮೊದಲ ಸಲ ನಾನು ಹಿಂದೆಮುಂದೆ ನೋಡಿದ್ದೆ.

"ಸಾರಿಗೆ ಕೊಯ್ಯೋರೂ ನಾವೇ ಅಲ್ವಾ" ಎಂದರು ಅತ್ತೆ. "ಒಡೀ, ಬೇಡ ಅನ್ನಲ್ಲ. ಎಂತಕ್ಕೆ ಅಂತ ಒಂದು ಮಾತು ಹೇಳು, ಸಾಕು."

"ನರ ಹೆಂಗೆ ಬದುಕುತ್ತೆ ಅಂತ ನೋಡೋಕೆ ಅತ್ತೆ."

"ಕಾಲಿನ ನರಾನೂ?"

ಸ್ಕೂಟರ್ ಕೀಲಿ ಕೈಯಲ್ಲಿತ್ತು, ಮೊದಲನೇ ತರಗತಿಗೆ ತಡವಾಗುತ್ತಿತ್ತು. "ಹೂಂ, ಅಂತದ್ದೇ" ಎಂದು ಹೊರಟುಬಿಟ್ಟೆ.

ಅಂದಿನಿಂದ ಅತ್ತೆ ಕೋಳಿಗಳ ವಿಷಯದಲ್ಲಿ ನನ್ನ ಗೈಡ್‌ಗಿಂತ ಕಟ್ಟುನಿಟ್ಟಾದರು. ಇಟ್ಟ ದಿನ ಗೊತ್ತಾಗಲಿ ಎಂದು ಪ್ರತಿ ಮೊಟ್ಟೆಯ ಮೇಲೂ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿ, ನಡುವೆ ಒಂದು ತುಕ್ಕು ಹಿಡಿದ ಮೊಳೆ ಇಡುತ್ತಿದ್ದರು. ಕಾವಿನ ಮೊಟ್ಟೆ ಗುಡುಗಿಗೆ ಕೆಡುತ್ತದಂತೆ. ಕಬ್ಬಿಣ ಜೊತೆಗಿದ್ದರೆ ಕೆಡುವುದಿಲ್ಲವಂತೆ. ನಮ್ಮ ಕಡೆ ಕಾವಿಗೆ ಕೂರಿಸುವ ಎಲ್ಲ ಮನೆಗಳಲ್ಲೂ ಇದು ಇದ್ದದ್ದೇ. ನಾನು ಮೊಳೆಯನ್ನು ದಾರಿಯಲ್ಲಿ ಎಸೆಯಬಹುದಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಐದು ವರ್ಷ ಕಾಲೇಜಿನ ಇನ್‌ಕ್ಯುಬೇಟರ್‌ನೊಳಗೆ, ಥರ್ಮಾಮೀಟರ್ ಪಕ್ಕದಲ್ಲಿ, ಆ ಮೊಳೆಯೂ ಇತ್ತು. ಪ್ರಬಂಧದಲ್ಲಿ ಮಾತ್ರ ಬರೆದಿಲ್ಲ.

ಅತ್ತೆಯ ಕಾಲಿನ ವಿಷಯ ಹೇಳಬೇಕು. ನನ್ನ ಪಿಎಚ್.ಡಿ. ಶುರುವಾಗುವುದಕ್ಕೂ ಹಿಂದಿನ ವರ್ಷ, ಕಾಫಿ ಕೊಯ್ಲಿನ ಸಮಯ. ನಮ್ಮದು ಸಣ್ಣ ತೋಟ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ಅತ್ತೆಯೇ ಬರಿಗಾಲಲ್ಲಿ ಕೆದರುತ್ತಿದ್ದರು. ಸಂಜೆ ಕಾಫಿ ಗುಡ್ಡೆ ಮಾಡಲು ಹೋದ ನನಗೆ ಬೆಳ್ಳಗಿನ ಬೀಜದ ಮೇಲೆ ಉದ್ದಕ್ಕೂ ಕೆಂಪು ಚುಕ್ಕೆಗಳು ಕಂಡವು. ಕೋಳಿಗೆ ಏನಾದರೂ ಗಾಯವಾಗಿದೆಯೋ ಎಂದುಕೊಂಡು ಹುಡುಕಿದೆ. ಚುಕ್ಕೆಗಳು ಅತ್ತೆ ಕೂತಿದ್ದ ಮೆಟ್ಟಿಲವರೆಗೆ ಹೋಗಿದ್ದವು. ಅವರ ಹಿಮ್ಮಡಿಯಲ್ಲಿ ಕಿತ್ತಲೆ ಮುಳ್ಳೊಂದು ಬುಡದವರೆಗೆ ಹೊಕ್ಕಿತ್ತು. ಅವರು ಹರಿವೆ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಯಾವಾಗ ಚುಚ್ಚಿತು ಅತ್ತೆ?"

"ಎಂತದು?" ಎಂದರು.

ಆಮೇಲೆ ಆಸ್ಪತ್ರೆ, ಸಕ್ಕರೆ ಕಾಯಿಲೆ, ಪಾದದ ನರಗಳು ಸತ್ತಿವೆ ಎಂಬ ಡಾಕ್ಟರ ಮಾತು, ಇನ್ಸುಲಿನ್. ಇನ್ಸುಲಿನ್ ಇಡುವುದು ಹೇಗೆ ಎಂದು ಅಲ್ಲಿನ ನರ್ಸ್ ಒಬ್ಬರು ಅತ್ತೆಯನ್ನು ಕೂರಿಸಿಕೊಂಡು ಮೂರು ಮೂರು ಸಲ ಹೇಳಿಸಿದ್ದರು. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಮದ್ದು ಸತ್ತುಹೋಗುತ್ತದೆ. ಬಾಗಿಲಿನಲ್ಲಿ ಇಡಬೇಕು. ಕರೆಂಟು ಹೋದರೆ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಇಳಿಸಿಡಬೇಕು. ಶಾಲೆಯ ಮೆಟ್ಟಿಲನ್ನು ನಾಲ್ಕೇ ವರ್ಷ ಹತ್ತಿದ ಅತ್ತೆ ಈ ಪಾಠವನ್ನು ಒಂದಕ್ಷರ ಬಿಡದೆ ಕಲಿತರು. ಮನೆಗೆ ಬಂದ ನೆಂಟರಿಗೂ ಒಪ್ಪಿಸುತ್ತಿದ್ದರು.

ಈಗ ಮೇ ತಿಂಗಳಿಗೆ ಬರುತ್ತೇನೆ. ಬೇಸಿಗೆ ರಜೆಯಲ್ಲಿ ಕಾಲೇಜಿನವರು ನಮ್ಮ ವಿಭಾಗದ ಮೇನ್ ಸ್ವಿಚ್ಚನ್ನೇ ಆಫ್ ಮಾಡುತ್ತಾರೆ. ಸಿಡಿಲಿಗೆ ಹಿಂದೊಮ್ಮೆ ಎಲ್ಲ ಸುಟ್ಟುಹೋಗಿತ್ತು. ಹಾಗಾಗಿ ಎರಡು ಟ್ಯೂಬ್‌ಗಳನ್ನು ಥರ್ಮಾಸ್‌ನಲ್ಲಿ ಐಸ್ ತುಂಬಿ ಮನೆಗೆ ತಂದೆ. ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಅದಕ್ಕೇ ಒಂದನ್ನು ಸ್ಟೀಲ್ ಡಬ್ಬದಲ್ಲಿ, ಇನ್ನೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಐಸ್ ಟ್ರೇಯ ಹಿಂದೆ ಇಟ್ಟೆ. ಎರಡೂ ಒಂದೇ ಫ್ರೀಜರ್‌ನಲ್ಲೇ ಇವೆ ಎಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಘಟ್ಟದ ಕೆಳಗೆ ಹೊರಟೆ. ಎಂಟು ದಿನದ ಡ್ಯೂಟಿ.

ಆ ಎಂಟು ದಿನ ನಮ್ಮ ಕಡೆ ಒಳ್ಳೆ ಗುಡುಗು ಮಳೆ. ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವುದು, ಬರುವುದು. ಒಮ್ಮೆ ಒಂದೂವರೆ ದಿನ ಬರಲೇ ಇಲ್ಲವಂತೆ. ಫೋನಿನಲ್ಲಿ ನಮ್ಮನೆಯವರು ಈ ವಿಷಯ ಹೇಳಿದಾಗ ನನಗೆ ಉತ್ತರಪತ್ರಿಕೆಯ ಅಕ್ಷರಗಳು ಕಾಣದ ಹಾಗಾಯಿತು. "ಫ್ರಿಜ್ ಬಾಗ್ಲು ತೆಗೀಬೇಡಿ, ಅತ್ತೆಗೂ ಹೇಳಿ" ಎಂದೆ. "ಅಮ್ಮನ ಫ್ರಿಜ್ಜಿಗೆ ನಾನು ಕಾನೂನು ಮಾಡ್ಲಾ ಮಾರಾಯ್ತಿ" ಎಂದರು ಅವರು.

ಬಂದವಳೇ ಬ್ಯಾಗನ್ನೂ ಇಳಿಸದೆ ಫ್ರೀಜರ್ ತೆಗೆದೆ. ಸ್ಟೀಲ್ ಡಬ್ಬ ಇತ್ತು, 'ಮುಟ್ಟಬೇಡಿ' ಎಂಬ ಪಟ್ಟಿಯೂ ಇತ್ತು. ಒಳಗೆ ಮಾತ್ರ ತುರಿದ ಕಾಯಿ.

ಅತ್ತೆ ಹಿಂದೆಯೇ ಬಂದು, ಬಹುಮಾನ ಕೊಡುವವರ ಹಾಗೆ ಕೆಳಗಿನ ಬಾಗಿಲು ತೆಗೆದು ತೋರಿಸಿದರು. ಇನ್ಸುಲಿನ್ ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಲೋಟದೊಳಗೆ ಹತ್ತಿ. ಹತ್ತಿಯ ನಡುವೆ ನನ್ನ ಟ್ಯೂಬು, ಅದರ ಜೊತೆ ಒಂದು ತುಕ್ಕು ಮೊಳೆ.

"ನೀನು ಹೋದ ದಿನಾನೇ ತೆಗ್ದಿಟ್ಟೆ" ಎಂದರು. "ಐಸ್ ಪೆಟ್ಟಿಗೇಲಿ ಇಟ್ಟಿದ್ದೀಯಲ್ಲ, ಓದಿದೋಳು. ಮದ್ದು ಸತ್ತೋಗಲ್ವಾ?"

ನಾನು ಆಗ ಆಡಿದ ಮಾತುಗಳನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಇದು ನಿಮ್ಮ ಸಕ್ಕರೆ ಕಾಯಿಲೆಯ ಔಷಧಿ ಅಲ್ಲ, ಗೊತ್ತಿಲ್ಲದ್ದಕ್ಕೆ ಎಂತಕ್ಕೆ ಕೈ ಹಾಕ್ತೀರಿ, ಆರು ವರ್ಷದ ಕೆಲಸ ತೊಳೆದು ಹಾಕಿದಿರಿ, ಓದೋಕೆ ಬರುತ್ತಲ್ಲ, ಬರೆದಿದ್ದು ಕಾಣಲಿಲ್ವಾ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ತೋರಿಸಲು ಎತ್ತಿಕೊಂಡ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ, "ಕರೆಂಟ್ ಹೋದಾಗ ಮಡಕೇಲೂ ಇಟ್ಟಿದ್ದೆ. ದಿನಕ್ಕೆ ಮೂರು ಸಲ ನೀರು ಬದಲಾಯಿಸಿದೀನಿ" ಎಂದು ಸಣ್ಣ ದನಿಯಲ್ಲಿ ಹೇಳಿ, ಲೋಟವನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಕೋಳಿಗಳನ್ನು ಕೂಡುವ ಹೊತ್ತಾಯಿತು ಎಂದು ಹೊರಗೆ ಹೋದರು. ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ. ಕೋಳಿಗಳನ್ನು ಕೂಡುವುದು ಆರಕ್ಕೆ.

ನನ್ನ ಇನ್ನೊಂದು ಟ್ಯೂಬು ಐಸ್ ಟ್ರೇಯ ಹಿಂದೆ ನಾನು ಇಟ್ಟಲ್ಲೇ ಇತ್ತು. ಅದನ್ನು ಅತ್ತೆ ನೋಡಿರಲಿಲ್ಲ. ಸದ್ಯ, ಇದೊಂದಾದರೂ ಉಳಿಯಿತಲ್ಲ ಎಂದುಕೊಂಡೆ.

ಆಮೇಲೆ ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಅತ್ತೆ ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಫ್ರಿಜ್ ತೆಗೆಯುವ ಮೊದಲು ನನ್ನನ್ನು ಕೇಳತೊಡಗಿದರು. "ಹಾಲು ತಗೋಬಹುದಾ?" ಹನ್ನೊಂದು ವರ್ಷ ಆ ಫ್ರಿಜ್ಜಿಗಾಗಿ ಒಳಗೊಳಗೇ ಜಗಳವಾಡಿದ್ದ ನನಗೆ ಆ ಗೆಲುವು ಬೇಡವಾಗಿತ್ತು.

ಗೈಡ್ ಮೇಡಂಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿ ಅವರು, "ಯಾವ ಟ್ಯೂಬ್ ಹಾಳಾಗಿದೆ ಅಂತ ನಿಮಗೆ ಹೇಗೆ ಗೊತ್ತು?" ಎಂದರು. "ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದ್ದು ಯಾವುದು? ತಣ್ಣಗೆ ಒಂದೇ ಹದದಲ್ಲಿ ಇದ್ದದ್ದು ಯಾವುದು? ಎರಡನ್ನೂ ಹಾಕಿ ನೋಡಿ. ಆಮೇಲೆ ನಿಮ್ಮತ್ತೆ ಹತ್ರ ಮಾತಾಡಿ."

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿಕಾಯಕ್ಕೆ ಚಳಿಯಿಂದ ತೊಂದರೆ ಕಡಿಮೆ, ಮತ್ತೆ ಮತ್ತೆ ಕರಗಿ ಗಟ್ಟಿಯಾಗುವುದರಿಂದ ಹೆಚ್ಚು ಎಂದು ಪಾಠದಲ್ಲಿ ನಾನೇ ಹೇಳಿದ್ದೇನೆ. ಸಿಟ್ಟು ಬಂದಾಗ ಓದಿದ್ದು ಯಾವುದೂ ಹತ್ತಿರ ಸುಳಿಯಲಿಲ್ಲ, ಅಷ್ಟೇ.

ಕಾಲೇಜಿಗೆ ಹೋಗಿ ಮೇನ್ ಸ್ವಿಚ್ ಹಾಕಿಸಿದೆ. ರಜೆಯ ಮೊದಲೇ ಮಾಡಿಟ್ಟಿದ್ದ ಸ್ಲೈಡುಗಳಲ್ಲಿ ಮೂರನ್ನು ತೆಗೆದೆ. ಒಂದಕ್ಕೆ ಫ್ರೀಜರಿನ ಪ್ರತಿಕಾಯ, ಒಂದಕ್ಕೆ ಅತ್ತೆಯ ಲೋಟದ್ದು, ಮೂರನೆಯದಕ್ಕೆ ಏನೂ ಇಲ್ಲ. ಒಂದು ದಿನ ಬಿಟ್ಟು ಬಣ್ಣ ಬರಿಸಿದೆ. ಮೈಕ್ರೋಸ್ಕೋಪಿಗೆ ಕಣ್ಣಿಡುವ ಮೊದಲು ಎರಡು ಸಲ ಕೈ ತೊಳೆದುಕೊಂಡೆ, ತೊಳೆಯುವ ಅಗತ್ಯವೇನೂ ಇರಲಿಲ್ಲ.

ಏನೂ ಹಾಕದ ಸ್ಲೈಡು ಬೆಳ್ಳಗಿತ್ತು, ಸರಿ. ನಾನು ಜೋಪಾನವಾಗಿ ಐಸ್ ಟ್ರೇಯ ಹಿಂದೆ ಬಚ್ಚಿಟ್ಟದ್ದು ನೀರು ಹೆಚ್ಚಾದ ಟೀಯ ಬಣ್ಣಕ್ಕೆ ತಿರುಗಿ, ಎಲ್ಲೆಲ್ಲೂ ಮಾಸಲಾಗಿ, ಯಾವ ಕೋಶ ಎಲ್ಲಿದೆ ಎಂದೇ ತಿಳಿಯದ ಹಾಗಿತ್ತು. ಅತ್ತೆಯ ಲೋಟದ್ದನ್ನು ಇಟ್ಟು ನೋಡಿದೆ. ನರಗಂಟಿನೊಳಗೆ ಒಂದೊಂದು ಕೋಶವೂ ಗಟ್ಟಿ ಡಿಕಾಕ್ಷನ್ ಬಣ್ಣದಲ್ಲಿ, ಅಂಚು ಗೀಟು ಹಾಕಿದ ಹಾಗೆ ನಿಂತಿತ್ತು. ಐದು ವರ್ಷದಲ್ಲಿ ಅಷ್ಟು ಚೆನ್ನಾಗಿ ಬಂದದ್ದು ನೆನಪಿಲ್ಲ. ಒಂದು ಸಲ ನೋಡಿದ್ದರಿಂದ ಯಾವುದೂ ಸಾಬೀತಾಗುವುದಿಲ್ಲ ಎಂದು ನನ್ನೊಳಗಿನ ಮೇಷ್ಟ್ರಮ್ಮ ಹೇಳುತ್ತಲೇ ಇದ್ದಳು. ಅವಳನ್ನು ಸುಮ್ಮನಿರಿಸಿ, ಖಾಲಿ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಕೊನೆಯ ಹೋಲಿಕೆಗೆ ಬೇಕಾದಷ್ಟು ಲೋಟದ ಟ್ಯೂಬಿನಲ್ಲಿ ಉಳಿದಿತ್ತು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಮೊಟ್ಟೆಗಳಿಗೆ ಇದ್ದಿಲು ಗೆರೆ ಎಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ತಪ್ಪಾಯ್ತು ಅತ್ತೆ. ನಾನು ಇಟ್ಟಿದ್ದು ಹಾಳಾಗಿದೆ. ನೀವು ಇಟ್ಟಿದ್ದು ಉಳಿದಿದೆ" ಎಂದೆ. ಫೋನಿನಲ್ಲಿ ತೆಗೆದುಕೊಂಡು ಬಂದ ಚಿತ್ರ ತೋರಿಸಿದೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇಷ್ಟೊಂದು ಬದುಕಿದಾವಾ?"

"ಇವೆಲ್ಲ ಬದುಕೋ ಕೋಶಗಳು ಅತ್ತೆ."

"ಗುಡುಗು ಜೋರಿತ್ತು ನೋಡು, ಅದಕ್ಕೇ ಮೊಳೆ ಇಟ್ಟಿದ್ದು" ಎಂದರು. ಮುಖ ಅರಳಿತ್ತು. ಅಷ್ಟರಲ್ಲಿ ನನ್ನ ಕಡೆ ನೋಡದೆ, ಇನ್ನೊಂದು ಮೊಟ್ಟೆ ಎತ್ತಿಕೊಳ್ಳುತ್ತಾ ಕೇಳಿದರು: "ನನ್ನ ಕಾಲಿಗೆ ಯಾವಾಗ ಹಾಕ್ತಾರೆ ಇದನ್ನ?"

ಸ್ಕೂಟರ್ ಕೀಲಿ ಹಿಡಿದುಕೊಂಡು ನಾನು ಹೇಳಿ ಹೋಗಿದ್ದ 'ಹೂಂ, ಅಂತದ್ದೇ' ನನಗೆ ಆಗ ನೆನಪಾಯಿತು. ಆ ಒಂದು ಮಾತನ್ನು ಅತ್ತೆ ಇಷ್ಟು ಕಾಲ ಕಾವಿಗೆ ಇಟ್ಟುಕೊಂಡಿದ್ದರು. ಪ್ರತಿ ಸಲ ದೊಡ್ಡ ಮೊಟ್ಟೆಗಳನ್ನೇ ಆರಿಸಿ ಕೊಟ್ಟದ್ದು, ದಿನಕ್ಕೆ ಮೂರು ಸಲ ಮಡಕೆಯ ನೀರು ಬದಲಾಯಿಸಿದ್ದು, ಎಲ್ಲ. ನಾನು ಬೈದಾಗ ಅವರು ಲೋಟ ಹಿಡಿದುಕೊಂಡು ನಿಂತಿದ್ದ ರೀತಿಯೂ ಈಗ ಬೇರೆಯೇ ಆಗಿ ಕಂಡಿತು.

ಈ ಸಲ ತಡವರಿಸದೆ ಹೇಳಿದೆ. "ಇದು ಮದ್ದಲ್ಲ ಅತ್ತೆ. ಬದುಕೋ ಕೋಶ ಯಾವುದು ಅಂತ ತೋರಿಸುತ್ತೆ, ಅಷ್ಟೇ. ಯಾವುದನ್ನೂ ಬದುಕಿಸಲ್ಲ. ನಿಮ್ಮ ಕಾಲಿಗೆ ಇದರಿಂದ ಏನೂ ಆಗಲ್ಲ. ಅವತ್ತೇ ಸರಿಯಾಗಿ ಹೇಳಬೇಕಿತ್ತು ನಾನು."

ಅತ್ತೆ ಕೈಯಲ್ಲಿದ್ದ ಮೊಟ್ಟೆಗೆ ಗೆರೆ ಎಳೆದು ಮುಗಿಸಿದರು. ಅದನ್ನು ಬುಟ್ಟಿಯಲ್ಲಿಟ್ಟರು.

"ಕೋಳಿಮರೀದು ತೋರಿಸುತ್ತಲ್ಲ" ಎಂದರು. "ನಂದು ಎಲ್ಲೀವರೆಗೆ ಸತ್ತಿದೆ ಅಂತ ತೋರಿಸೋಕೆ ಆಗುತ್ತಾ?"

ಅದಕ್ಕೆ ಪ್ರತಿಕಾಯ ಬೇಕಿರಲಿಲ್ಲ. ಬುಟ್ಟಿಯ ಅಂಚಿಗೆ ಅಂಟಿಕೊಂಡಿದ್ದ ಕೋಳಿಪುಕ್ಕವೊಂದನ್ನು ತೆಗೆದುಕೊಂಡೆ. ಅತ್ತೆ ಸೀರೆಯನ್ನು ಸ್ವಲ್ಪ ಮೇಲೆ ಸರಿಸಿ ಕಾಲು ಚಾಚಿದರು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಿ ಎಂದೆ. ಅಂಗಾಲಿನಿಂದ ಶುರುಮಾಡಿದೆ. ಹೆಬ್ಬೆರಳು, ಹಿಮ್ಮಡಿ, ಹಳೆಯ ಮುಳ್ಳಿನ ಗುರುತು, ಪಾದದ ಮೇಲ್ಭಾಗ. ಅತ್ತೆ ಸುಮ್ಮನಿದ್ದರು. ಕಣಕಾಲ ಗಂಟಿಗಿಂತ ನಾಲ್ಕು ಬೆರಳು ಮೇಲೆ ಪುಕ್ಕ ಸೋಕಿದಾಗ "ಹೂಂ" ಎಂದರು. ಅವರ ಇದ್ದಿಲಿನ ಚೂರು ತೆಗೆದುಕೊಂಡು ಅಲ್ಲಿ ಒಂದು ಗೆರೆ ಎಳೆದೆ. ಇನ್ನೊಂದು ಕಾಲಿನಲ್ಲಿ ಮೂರು ಬೆರಳಿನಷ್ಟು ಮೇಲೆ. ಅಲ್ಲೂ ಒಂದು ಗೆರೆ.

ಆಮೇಲೆ ಲ್ಯಾಬಿನ ಅಭ್ಯಾಸಬಲ. ಏನೂ ಹಾಕದ ಸ್ಲೈಡಿನ ಹಾಗೆ, ಪುಕ್ಕವನ್ನು ಹೆಬ್ಬೆರಳಿನ ಹತ್ತಿರ ಗಾಳಿಯಲ್ಲೇ ಹಿಡಿದು, ಮುಟ್ಟದೆ ಕಾದೆ.

"ಹೂಂ" ಎಂದರು ಅತ್ತೆ.

ನಾನು ಪುಕ್ಕ ಅಲ್ಲಾಡಿಸಲಿಲ್ಲ.

"ಹೂಂ ಕಣೇ, ಬೆರಳಲ್ಲಿ ಒಂಚೂರು ಗೊತ್ತಾಗ್ತಿದೆ. ನೀನೇನು ಬೇಜಾರು ಮಾಡ್ಕೋಬೇಡ."

ನನ್ನನ್ನು ಸಮಾಧಾನಮಾಡಲು ಈ ಹೆಂಗಸು ತನ್ನ ಸತ್ತ ನರವನ್ನೂ ಬದುಕಿದೆ ಎಂದು ಹೇಳುತ್ತಿದ್ದರು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು ಎಂದೇನೂ ಅಲ್ಲ, ಆದರೆ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಅದೇ ಮೊದಲು. ಪುಕ್ಕವನ್ನು ಕೆಳಗಿಟ್ಟೆ. ಅವರ ಎರಡೂ ಪಾದಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಹಾಗೇ ಕೂತೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. ಸ್ವಲ್ಪ ಹೊತ್ತು ಕಾದು, "ಎಂತಕ್ಕೆ ನಿಲ್ಲಿಸಿದೆ, ಮುಟ್ಟು ಮತ್ತೆ" ಎಂದರು.